ಚಿಕಿತ್ಸೆ ಕೊಟ್ಟ ಡಾಕ್ಟರೇ ಕೋರ್ಟಿಗೆ ವರದಿ ಬರೆಯಬೇಕಾ?

ಜಿಲ್ಲೆಯ ಡಾಕ್ಟರ್

ಎಲ್ಲರಿಗೂ ನಮಸ್ಕಾರ. ನಾನು ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ. ಯಾವ ಜಿಲ್ಲೆ ಅಂತ ಹೇಳುವುದಿಲ್ಲ. ರೋಗಿಯ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಆರು ತಿಂಗಳ ಹಿಂದೆ ಜೈಲಿನಿಂದ ಒಬ್ಬ ಹುಡುಗನನ್ನು ಕರೆತಂದರು. ಇಪ್ಪತ್ತಾರು ವಯಸ್ಸು. ದೊಡ್ಡಪ್ಪನನ್ನು ಕೊಂದ ಆರೋಪ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಗೋಡೆ ಕಡೆ ತಿರುಗಿ ಮಾತಾಡುತ್ತಿದ್ದ. ಸ್ಕಿಜೋಫ್ರೇನಿಯಾ ಅಂತ ಗುರುತಿಸಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಔಷಧಿ ಶುರು ಮಾಡಿದೆ. ಆದರೆ ಮೂರು ಸಲ ಬಂದರೂ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ನಾಲ್ಕನೇ ಸಲ ಪೊಲೀಸಿನವರನ್ನು ಬಾಗಿಲಾಚೆ ಕೂರಲು ಕೇಳಿಕೊಂಡೆ. ಕುರ್ಚಿ ಹತ್ತಿರ ಎಳೆದುಕೊಂಡು, "ನಾನು ಡಾಕ್ಟರ್, ಪೊಲೀಸ್ ಅಲ್ಲ. ಏನಿದ್ದರೂ ಹೆದರದೆ ಹೇಳು" ಅಂದೆ.

ಹೇಳಿದ. ಅಳುತ್ತಾ ಹೇಳಿದ. ಕೊನೆಯಲ್ಲಿ, ಮಚ್ಚನ್ನು ದನದ ತೊಟ್ಟಿಯಲ್ಲಿ ತೊಳೆದು ಹುಲ್ಲಿನ ಬಣವೆಯೊಳಗೆ ಸೇರಿಸಿದೆ ಅಂತಲೂ ಹೇಳಿದ. ಮಚ್ಚು ಪೊಲೀಸರಿಗೆ ಮೊದಲೇ ಸಿಕ್ಕಿತ್ತು. ತೊಳೆದ ವಿಷಯ ಮಾತ್ರ ಅವನು ನನಗೊಬ್ಬನಿಗೇ ಹೇಳಿದ್ದು. ಎಲ್ಲರ ಮಾತು ಬರೆದುಕೊಳ್ಳುವ ಹಾಗೆ ಇವನದನ್ನೂ ಕೇಸ್ ಶೀಟಿನಲ್ಲಿ ಬರೆದುಕೊಂಡೆ.

ಈಗ ಸೆಷನ್ಸ್ ಕೋರ್ಟಿನಿಂದ ಪತ್ರ ಬಂದಿದೆ. ಘಟನೆ ನಡೆದಾಗ ಆರೋಪಿಯ ಮಾನಸಿಕ ಸ್ಥಿತಿ ಹೇಗಿತ್ತು ಅಂತ ನಾನು ವರದಿ ಕೊಡಬೇಕಂತೆ. ಜಿಲ್ಲೆಯಲ್ಲಿ ಸರ್ಕಾರಿ ಮನೋವೈದ್ಯ ಅಂತ ಇರುವುದು ನಾನೊಬ್ಬನೇ.

ಹೆದರದೆ ಹೇಳು ಅಂದವನು ನಾನು. ಈಗ ಅದೇ ಮಾತನ್ನು ಅವನ ವಿರುದ್ಧ ಬರೆದುಕೊಡಲಾ? ಇಂಥದ್ದರಲ್ಲಿ ನೀವೆಲ್ಲ ಏನು ಮಾಡಿದ್ದೀರಿ?

ರಾಮನಗರ ರಘು

ಕೋರ್ಟ್ ಕೇಳಿದರೆ ಇದ್ದಿದ್ದು ಇದ್ದ ಹಾಗೆ ಹೇಳಬೇಕಪ್ಪ. ಒಂದು ಜೀವ ಹೋಗಿದೆ. ಕೊಲೆ ಮಾಡಿದವನ ಗುಟ್ಟು ಕಾಪಾಡುವುದು ಯಾವ ಧರ್ಮ?

ಧಾರವಾಡ ವಕೀಲೆ

ರಘು ಅವರೇ, ಅಷ್ಟು ಸಲೀಸಲ್ಲ.

ಡಾಕ್ಟ್ರೇ, ಮೊದಲು ಆ ಪತ್ರವನ್ನು ಇನ್ನೊಂದು ಸಲ ಓದಿ. ಕೋರ್ಟ್ ಎರಡು ಬೇರೆ ಬೇರೆ ವಿಷಯ ಕೇಳಬಹುದು. ಒಂದು, ಆರೋಪಿ ಈಗ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿದ್ದಾನಾ ಅಂತ. ವಕೀಲರು ಹೇಳುವುದು ಅವನಿಗೆ ಅರ್ಥ ಆಗಬೇಕು, ತನ್ನ ಪರವಾಗಿ ಹೇಳಿಕೊಳ್ಳಲು ಬರಬೇಕು. ಅದು ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 367, 368ನೇ ಸೆಕ್ಷನ್‌ಗೆ ಬರುತ್ತದೆ. ಇನ್ನೊಂದು, ಕೃತ್ಯ ಮಾಡಿದ ಆ ಗಳಿಗೆಯಲ್ಲಿ ಹೇಗಿದ್ದ ಅಂತ. ಅದು ಹಳೆಯ ಐಪಿಸಿ 84, ಈಗಿನ ನ್ಯಾಯ ಸಂಹಿತೆ 22. ತಾನು ಮಾಡುತ್ತಿರುವುದು ಏನು, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಅಂತ ತಿಳಿಯಲಾರದಷ್ಟು ಬುದ್ಧಿ ಕೆಟ್ಟಿತ್ತಾ ಅನ್ನುವುದಷ್ಟೇ ಅಲ್ಲಿ ಮುಖ್ಯ. ಕಾಯಿಲೆ ಇದ್ದರೆ ಸಾಲದು. ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಅಂತ ಬರೆದಿದ್ದರೂ ಶಿಕ್ಷೆ ಆದವರಿದ್ದಾರೆ.

ಎರಡನೆಯದಕ್ಕೆ ಆ ದಿನದ ಮೊದಲು, ಆಗ, ಆಮೇಲೆ ಅವನು ಹೇಗೆ ನಡೆದುಕೊಂಡ ಅಂತ ನೋಡುತ್ತಾರೆ. 1964ರಲ್ಲಿ ದಹ್ಯಾಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೇ ಇವತ್ತಿಗೂ ಎಲ್ಲರೂ ಹಿಡಿದುಕೊಳ್ಳುತ್ತಾರೆ. ಹಾಗಾಗಿ ಮಚ್ಚು ತೊಳೆದಿದ್ದು ಸಣ್ಣ ವಿಷಯ ಅಲ್ಲ. "ತೊಳೆದ, ಬಚ್ಚಿಟ್ಟ, ಅಂದಮೇಲೆ ತಪ್ಪು ಅಂತ ಗೊತ್ತಿತ್ತು" ಅಂತ ಸರ್ಕಾರಿ ವಕೀಲರು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಜಿಲ್ಲೆಯ ಡಾಕ್ಟರ್

ಕೇಳಿರುವುದು ಎರಡನೆಯದನ್ನೇ ಮೇಡಂ. ಪತ್ರದಲ್ಲಿ ಸ್ಪಷ್ಟವಾಗಿದೆ.

ಪಿಜಿ ಎರಡನೇ ವರ್ಷ

ಸರ್, ನಮಗೆ ಪಾಠದಲ್ಲಿ ಇದು ಬಂದಿತ್ತು. ಚಿಕಿತ್ಸೆ ಕೊಡುವವರು ಬೇರೆ, ಕೋರ್ಟಿಗಾಗಿ ಪರೀಕ್ಷೆ ಮಾಡುವವರು ಬೇರೆ ಇರಬೇಕು. ಅಮೆರಿಕದ ಮನೋವೈದ್ಯ ಪಾಲ್ ಆಪಲ್‌ಬಾಮ್ ಅವರ ವಾದ ಏನೆಂದರೆ, ಕೋರ್ಟಿನ ಕೆಲಸಕ್ಕೆ ಕೂತವನು ಆ ಹೊತ್ತಿಗೆ ಆ ಮನುಷ್ಯನಿಗೆ ವೈದ್ಯ ಅಲ್ಲ. ಸತ್ಯ ಹೇಳುವುದು, ಎದುರಿಗಿರುವ ವ್ಯಕ್ತಿಯನ್ನು ಗೌರವದಿಂದ ಕಾಣುವುದು, ಇವೆರಡೇ ಅವನ ಹೊಣೆ. ಅದಕ್ಕೂ ಮುಂಚೆ ಹಾರ್ವರ್ಡ್‌ನ ಆಲನ್ ಸ್ಟೋನ್ ಅವರು ಮನೋವೈದ್ಯರು ಕೋರ್ಟಿನ ಸಹವಾಸವನ್ನೇ ಬಿಡಬೇಕು ಅನ್ನುವ ಹಾಗೆ ಮಾತಾಡಿದ್ದರು. ಒಂದೋ ನ್ಯಾಯಕ್ಕಾಗಿ ರೋಗಿಯನ್ನು ಬಲಿ ಕೊಡುತ್ತೀರಿ, ಇಲ್ಲಾ ರೋಗಿಗಾಗಿ ನ್ಯಾಯವನ್ನು ತಿರುಚುತ್ತೀರಿ ಅನ್ನುವ ಭಯ ಅವರದು.

ವಾರ್ಡ್ ಸಿಸ್ಟರ್ (ನಿವೃತ್ತ)

ಪುಸ್ತಕದ ಮಾತು ಇರಲಿ ಮಗಾ. ಡಾಕ್ಟ್ರೇ, ಒಂದು ಕೇಳುತ್ತೇನೆ. ಮಚ್ಚು ಬಣವೆಯಲ್ಲಿ ಯಾಕೆ ಇಟ್ಟೆ ಅಂತ ಆ ಹುಡುಗನನ್ನು ಕೇಳಿದಿರಾ?

ಜಿಲ್ಲೆಯ ಡಾಕ್ಟರ್

ಇಲ್ಲ ಸಿಸ್ಟರ್. ಅವತ್ತು ಮೊದಲ ಸಲ ಮಾತಾಡಿದ್ದ. ಒಂದೇ ಸಮನೆ ಅಳುತ್ತಿದ್ದ. ನೀರು ಕೊಟ್ಟೆ. ದನಿಗಳು ಈಗಲೂ ಕೇಳುತ್ತವಾ, ಸಾಯಬೇಕು ಅನಿಸುತ್ತದಾ, ರಾತ್ರಿ ಮಾತ್ರೆ ಸರಿಯಾಗಿ ಕೊಡುತ್ತಾರಾ, ಇಷ್ಟೇ ಕೇಳಿದ್ದು. ಯಾಕೆ ಅಂತ ಕೇಳುವುದು ನನಗೆ ಹೊಳೆಯಲೂ ಇಲ್ಲ.

ವಾರ್ಡ್ ಸಿಸ್ಟರ್ (ನಿವೃತ್ತ)

ಅದನ್ನೇ ನಾನು ಹೇಳಬೇಕು ಅಂತಿದ್ದದ್ದು. ನೀವು ಚಿಕಿತ್ಸೆ ಮಾಡುವ ಡಾಕ್ಟರ್ ಆಗಿ ಕೇಳಿದಿರಿ, ಸರಿಯಾಗಿಯೇ ಕೇಳಿದಿರಿ. ಕೋರ್ಟಿನ ಕೆಲಸಕ್ಕೆ ಕೂತವರು ಅದೇ ಜಾಗದಲ್ಲಿ ನಿಂತು ಇನ್ನೂ ಇಪ್ಪತ್ತು ಪ್ರಶ್ನೆ ಕೇಳುತ್ತಿದ್ದರು. ನಮ್ಮ ವಾರ್ಡಿಗೆ ಕೋರ್ಟಿನಿಂದ ಒಬ್ಬರನ್ನು ಕಳಿಸಿದ್ದರು. ಸೌದೆ ಒಡೆಯುವ ಕೊಡಲಿಯನ್ನು ಬಾವಿಗೆ ಹಾಕಿದ್ದ. ಎಲ್ಲರೂ ಸಾಕ್ಷಿ ನಾಶ ಅಂದುಕೊಂಡಿದ್ದರು. ಹತ್ತು ದಿನ ಆದಮೇಲೆ ಹೇಳಿದ, ಆ ಕೊಡಲಿಯೇ ತನ್ನನ್ನು ಹೆಸರು ಹಿಡಿದು ಕರೆಯುತ್ತಿತ್ತಂತೆ, ನೀರಿಗೆ ಹಾಕಿದರೆ ಬಾಯಿ ಮುಚ್ಚುತ್ತದೆ ಅಂತ ಹಾಕಿದನಂತೆ. ಬಚ್ಚಿಡುವುದು ಒಂದೇ. ಕಾರಣ ಬೇರೆ ಬೇರೆ ಇರಬಹುದಲ್ವಾ.

ಕಾರಣ ಕೇಳದೆ ಬರೀ "ತೊಳೆದು ಬಚ್ಚಿಟ್ಟ" ಅಂತ ನಿಮ್ಮ ಕೇಸ್ ಶೀಟ್ ಕೋರ್ಟಿಗೆ ಹೋದರೆ ಅದು ಅರ್ಧ ಸತ್ಯ.

ರಾಮನಗರ ರಘು

ಆ ಹತ್ತು ದಿನದಲ್ಲಿ ಅವನು ಕಥೆ ಕಟ್ಟಿಕೊಂಡಿರಬಹುದಲ್ಲ ಸಿಸ್ಟರ್? ಹುಚ್ಚನ ನಾಟಕ ಮಾಡಿ ತಪ್ಪಿಸಿಕೊಳ್ಳುವವರು ಎಷ್ಟು ಜನ ಇಲ್ಲ.

ವಾರ್ಡ್ ಸಿಸ್ಟರ್ (ನಿವೃತ್ತ)

ನಾಟಕ ಮಾಡುವವರೂ ಬರುತ್ತಾರೆ, ನಾನು ಇಲ್ಲ ಅನ್ನುವುದಿಲ್ಲ. ಅದಕ್ಕೇ ವಾರ್ಡಿನಲ್ಲಿಟ್ಟು ನೋಡುವುದು. ಡಾಕ್ಟರು ರೌಂಡ್ಸಿಗೆ ಬಂದಾಗ ಕಿರುಚುತ್ತಾರೆ. ಡಾಕ್ಟರು ಹೋದಮೇಲೆ ಪಕ್ಕದ ಮಂಚದವನ ಜೊತೆ ಇಸ್ಪೀಟು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹೋದರೆ ಗೊರಕೆ. ನಿಜವಾಗಿ ಕಾಯಿಲೆ ಇರುವವರು ಹಾಗಲ್ಲ. ಅವರು ಎಷ್ಟೋ ಸಲ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ನನಗೇನೂ ಆಗಿಲ್ಲ, ಮನೆಗೆ ಕಳಿಸಿ ಅಂತ ಜಗಳ ಆಡುತ್ತಾರೆ. ನಾಟಕದವನು ಮಾತ್ರ ಕಾಯಿಲೆಯನ್ನು ಕೈಗೆ ಸಿಕ್ಕವರಿಗೆಲ್ಲ ತೋರಿಸಿಕೊಂಡು ಓಡಾಡುತ್ತಾನೆ. ಹಗಲು ರಾತ್ರಿ ಮೂರು ಪಾಳಿಯ ನರ್ಸ್‌ಗಳ ಕಣ್ಣು ತಪ್ಪಿಸಿ ನಾಟಕ ಆಡುವುದು ಕಷ್ಟ. ನಮ್ಮ ನೋಟ್ಸ್ ಇಲ್ಲದೆ ಯಾವ ಒಳ್ಳೆಯ ವರದಿಯೂ ಆಗುತ್ತಿರಲಿಲ್ಲ. ಆದರೆ ಕೋರ್ಟಿನಲ್ಲಿ ನಮ್ಮನ್ನು ಯಾರೂ ಕರೆಯುವುದಿಲ್ಲ.

ಮೈಸೂರು ಮಂಜು

ಇಷ್ಟೆಲ್ಲ ಯಾಕೆ, ನಾರ್ಕೋ ಟೆಸ್ಟ್ ಮಾಡಿಸಿದರೆ ಮುಗಿಯಲ್ವಾ?

ಧಾರವಾಡ ವಕೀಲೆ

ಮುಗಿಯುವುದಿಲ್ಲ. ಆರೋಪಿ ಒಪ್ಪದೆ ನಾರ್ಕೋ, ಪಾಲಿಗ್ರಾಫ್, ಬ್ರೇನ್ ಮ್ಯಾಪಿಂಗ್ ಮಾಡುವ ಹಾಗಿಲ್ಲ ಅಂತ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಆ ತೀರ್ಪಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ನಮ್ಮ ರಾಜ್ಯದಿಂದಲೇ ಹೋದ ವಿಷಯ ಅದು. ಒಪ್ಪಿ ಮಾಡಿಸಿಕೊಂಡರೂ ಮಂಪರಿನಲ್ಲಿ ಆಡಿದ ಮಾತೇ ಸಾಕ್ಷಿ ಆಗುವುದಿಲ್ಲ.

ಪಿಜಿ ಎರಡನೇ ವರ್ಷ

ಒಂದು ಕಾಲಕ್ಕೆ ದೇಶದ ಎಲ್ಲೆಲ್ಲಿಂದಲೋ ಆರೋಪಿಗಳನ್ನು ನಾರ್ಕೋಗಾಗಿ ಬೆಂಗಳೂರಿಗೆ ಕರೆತರುತ್ತಿದ್ದರು. ಮಂಪರು ಬರಿಸುವ ಪೆಂಟೊಥಾಲ್ ಔಷಧಿ ಕೊಡಲು ಅರಿವಳಿಕೆ ಡಾಕ್ಟರ್ ಬೇಕಿತ್ತು. ನನ್ನನ್ನು ಕಾಡುವುದು ಆ ಡಾಕ್ಟರ ವಿಷಯ. ಸೂಜಿ ಚುಚ್ಚಿದ್ದು ಯಾವ ಕಾಯಿಲೆಗೂ ಅಲ್ಲ. ಒಬ್ಬ ಮನುಷ್ಯನ ಬಾಯಿ ಬಿಡಿಸಲಿಕ್ಕೆ ವೈದ್ಯಕೀಯ ಬಳಸಿದ್ದು. ನಮ್ಮ ವೃತ್ತಿಯವರು ಆಗಲೇ ಜೋರಾಗಿ ಇಲ್ಲ ಅನ್ನಬೇಕಿತ್ತು.

ನಿವೃತ್ತ ಎಎಸ್‌ಐ

ನಾನು ಎಸ್ಕಾರ್ಟ್ ಡ್ಯೂಟಿ ಮಾಡಿದವನು. ಡಾಕ್ಟರು ಹೊರಗೆ ಕೂರಿ ಅಂದಾಗ ನಮಗೆ ಜೀವ ಕೈಯಲ್ಲಿ ಹಿಡಿದ ಹಾಗಿರುತ್ತದೆ. ಆರೋಪಿ ಕಿಟಕಿಯಿಂದ ಹಾರಿದರೆ ಸಸ್ಪೆಂಡ್ ಆಗುವುದು ಡಾಕ್ಟರಲ್ಲ, ನಾವು. ಆದರೂ ಒಪ್ಪುತ್ತೇನೆ, ನಾವು ಒಳಗಿದ್ದರೆ ಅವನು ಹೇಳುವುದಿಲ್ಲ. ಕಿಟಕಿಗೆ ಸರಳಿರುವ ಕೋಣೆ, ಕಣ್ಣಿಗೆ ಕಾಣುವಷ್ಟು ದೂರ, ಕಿವಿಗೆ ಕೇಳದಷ್ಟು ದೂರ. ಇದನ್ನು ಎಲ್ಲ ಆಸ್ಪತ್ರೆಯಲ್ಲೂ ಮಾಡಬಹುದು. ದೊಡ್ಡ ಖರ್ಚಿನ ವಿಷಯ ಅಲ್ಲ.

ಇನ್ನೊಂದು. ಪೊಲೀಸ್ ಕಸ್ಟಡಿಯಲ್ಲಿದ್ದಾಗ ಹೇಳಿದ ತಪ್ಪೊಪ್ಪಿಗೆ ನಡೆಯುವುದಿಲ್ಲ ಅಲ್ವಾ ಮೇಡಂ? ಡಾಕ್ಟರಿಗೆ ಹೇಳಿದರೂ?

ಧಾರವಾಡ ವಕೀಲೆ

ಒಳ್ಳೆಯ ಪ್ರಶ್ನೆ ಸರ್. ಪೊಲೀಸ್ ಕಸ್ಟಡಿಯಲ್ಲಿರುವವನು ಮ್ಯಾಜಿಸ್ಟ್ರೇಟರ ಎದುರಲ್ಲದೆ ಬೇರೆ ಯಾರ ಹತ್ತಿರ ಒಪ್ಪಿಕೊಂಡರೂ ಅದನ್ನು ಅವನ ವಿರುದ್ಧ ರುಜುವಾತು ಮಾಡುವ ಹಾಗಿಲ್ಲ. ಆದರೆ ಈ ಹುಡುಗ ಜೈಲಿನಲ್ಲಿದ್ದಾನೆ, ಅಂದರೆ ನ್ಯಾಯಾಂಗ ಬಂಧನ. ಅಲ್ಲಿ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ, ವಾದ ಮಾಡಿ ಪಡೆಯಬೇಕು.

ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಇದೆ. ಕಕ್ಷಿದಾರ ನನಗೆ ಹೇಳಿದ್ದನ್ನು ಕೋರ್ಟಿನಲ್ಲಿ ಹೇಳು ಅಂತ ನನ್ನನ್ನು ಬಲವಂತ ಮಾಡುವ ಹಾಗಿಲ್ಲ, ಸಾಕ್ಷ್ಯ ಕಾನೂನಿನಲ್ಲೇ ಇದೆ. ಡಾಕ್ಟರಿಗೆ ಆ ರಕ್ಷಣೆ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ವಿಷಯ ಗುಟ್ಟಾಗಿಡಿ ಅನ್ನುತ್ತದೆ, ಹಾಗೇ ವಿನಾಯಿತಿಗಳನ್ನೂ ಕೊಡುತ್ತದೆ. ಹಾಗಾಗಿ "ಏನು ಬೇಕಾದರೂ ಹೇಳು, ನನ್ನಲ್ಲೇ ಇರುತ್ತದೆ" ಅಂತ ಜೈಲಿನಿಂದ ಬಂದವರಿಗೆ ಮಾತು ಕೊಡುವ ಮುಂಚೆ ಡಾಕ್ಟರುಗಳು ಯೋಚಿಸಬೇಕು. ಉಳಿಸಿಕೊಳ್ಳಲಾಗದ ಮಾತು ಅದು.

ಜಿಲ್ಲೆಯ ಡಾಕ್ಟರ್

ಆ ಮಾತು ನನಗೆ ನಾಟಿತು ಮೇಡಂ. ನಾನು "ನನ್ನಲ್ಲೇ ಇರುತ್ತದೆ" ಅಂತ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವನಿಗೆ ಹಾಗೇ ಕೇಳಿಸಿತು, ನನಗೂ ಗೊತ್ತಿತ್ತು.

ಲೀಡ್ಸ್ ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಮೂಲ ಶಿವಮೊಗ್ಗ ಕಡೆ. ಇಲ್ಲಿ ವರದಿಗಾಗಿ ಯಾರನ್ನೇ ನೋಡಿದರೂ ಕೂತ ಕೂಡಲೇ ಮೊದಲು ಹೇಳುವುದು ಇಷ್ಟು: ನನ್ನನ್ನು ಕೋರ್ಟಿನ ಕೆಲಸಕ್ಕೆ ಕಳಿಸಿದ್ದಾರೆ, ನಾನು ನಿಮಗೆ ಚಿಕಿತ್ಸೆ ಕೊಡಲು ಬಂದಿಲ್ಲ. ನೀವು ಹೇಳಿದ್ದು ವರದಿಯಲ್ಲಿ ಬರಬಹುದು. ಬೇಡ ಅನಿಸಿದ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ಆಮೇಲೆ, ನಾನು ಈಗ ಏನು ಹೇಳಿದೆ, ನೀವೇ ಒಂದು ಸಲ ಹೇಳಿ ಅಂತ ಕೇಳುತ್ತೇನೆ. ಅವರ ಬಾಯಲ್ಲಿ ಬಂದದ್ದನ್ನು ಹಾಗೇ ಬರೆದುಕೊಳ್ಳುತ್ತೇನೆ.

ಇಷ್ಟು ಮಾಡಿಯೂ ತೊಂದರೆ ತಪ್ಪುವುದಿಲ್ಲ. ಅರ್ಧ ಗಂಟೆ ಮರ್ಯಾದೆಯಿಂದ ಮಾತಾಡಿದರೆ ಸಾಕು, ಎದುರಿನವರು ಮರೆತುಬಿಡುತ್ತಾರೆ. ಡಾಕ್ಟರ್ ಅಂದರೆ ಡಾಕ್ಟರ್ ಅಂತ ಮನಸ್ಸು ಬಿಚ್ಚುತ್ತಾರೆ. ಅಂಥ ಹೊತ್ತಿನಲ್ಲಿ ನಡುವೆ ನಿಲ್ಲಿಸಿ ಮತ್ತೊಮ್ಮೆ ನೆನಪಿಸುತ್ತೇನೆ.

ಎಚ್ಚರಿಕೆ ಹೇಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಟೆಕ್ಸಾಸ್‌ನ ಮನೋವೈದ್ಯ ಜೇಮ್ಸ್ ಗ್ರಿಗ್ಸನ್ ಅವರ ವಿಷಯ ನೋಡಿ. ಒಬ್ಬ ಆರೋಪಿ ವಿಚಾರಣೆಗೆ ಯೋಗ್ಯನಾ ಅಂತ ನೋಡಲು ಕೋರ್ಟ್ ಅವರನ್ನು ಜೈಲಿಗೆ ಕಳಿಸಿತ್ತು. ಸುಮಾರು ತೊಂಬತ್ತು ನಿಮಿಷ ಮಾತಾಡಿಸಿದರು. ಆಮೇಲೆ ಶಿಕ್ಷೆ ನಿರ್ಧಾರದ ದಿನ ಬಂದು, ಇವನು ಮುಂದೆಯೂ ಅಪಾಯವೇ ಅಂತ ಸಾಕ್ಷಿ ಹೇಳಿದರು. ಮರಣದಂಡನೆ ಆಯಿತು. ಆ ಕೈದಿಗೆ ತನ್ನ ಮಾತು ಹಾಗೆ ಬಳಕೆ ಆಗುತ್ತದೆ ಅಂತ ಯಾರೂ ಹೇಳಿರಲಿಲ್ಲ. 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದು ತಪ್ಪು ಅಂದಿತು, ಮರಣದಂಡನೆ ರದ್ದಾಯಿತು. 1995ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ಅವರನ್ನು ಹೊರಹಾಕಿತು.

ಮೈಸೂರು ಮಂಜು

ಅಲ್ಲಿ ಹೊರಹಾಕುವಷ್ಟು ಧೈರ್ಯ ಇದೆ. ಇಲ್ಲಿ?

ಅಣ್ಣನ ತಂಗಿ

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಕೊಲೆ ಕೇಸಷ್ಟೇ ಅಲ್ಲ, ಮನೆ ಜಗಳದಲ್ಲೂ ಇದೇ ನಡೆಯುತ್ತದೆ. ಬಾಣಂತನದಲ್ಲಿ ನನಗೆ ಖಿನ್ನತೆ ಬಂದಿತ್ತು. ನಾಲ್ಕು ತಿಂಗಳು ಮಾತ್ರೆ ತಗೊಂಡು ಚೆನ್ನಾಗಾದೆ. ಮೂರು ವರ್ಷ ಆದಮೇಲೆ ಗಂಡ ವಿಚ್ಛೇದನಕ್ಕೆ ಹಾಕಿದಾಗ ಆ ಚೀಟಿಗಳೆಲ್ಲ ಫ್ಯಾಮಿಲಿ ಕೋರ್ಟಿಗೆ ಬಂದವು. ಜೊತೆಗೆ ಇನ್ನೊಬ್ಬ ಡಾಕ್ಟರ ಸರ್ಟಿಫಿಕೇಟ್, ನನಗೆ ವಾಸಿಯಾಗದ ಮಾನಸಿಕ ರೋಗ ಇದೆ ಅಂತ. ಆ ಡಾಕ್ಟರು ನನ್ನನ್ನು ಒಂದು ದಿನವೂ ನೋಡಿಲ್ಲ. ಗಂಡ ಹೇಳಿದ್ದನ್ನು ಕೇಳಿ ಬರೆದುಕೊಟ್ಟಿದ್ದರು.

ನನ್ನ ಜೊತೆ ಅಣ್ಣ ಇದ್ದ, ಹೋರಾಡಿದೆ. ಎಲ್ಲ ಹೆಣ್ಣುಮಕ್ಕಳಿಗೂ ಅಂಥ ಅಣ್ಣ ಇರುತ್ತಾನಾ? ಈಗ ನನ್ನ ತಂಗಿಗೆ ಬಾಣಂತನ. ಮಂಕಾಗಿದ್ದಾಳೆ, ಡಾಕ್ಟರ ಹತ್ತಿರ ಹೋಗೋಣ ಅಂದರೆ ಬೇಡ ಅನ್ನುತ್ತಾಳೆ. ಚೀಟಿ ಆಗುತ್ತದೆ ಅಂತ ಭಯ.

ಧಾರವಾಡ ವಕೀಲೆ

ತಂಗಿಯನ್ನು ದಯವಿಟ್ಟು ಕರೆದುಕೊಂಡು ಹೋಗಮ್ಮ. ಕಾಯಿಲೆಯ ಹೆಸರು ಇದೆ ಅಂದಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ. ಸ್ಕಿಜೋಫ್ರೇನಿಯಾ ಇದ್ದರೂ ಅದು ಎಷ್ಟು ತೀವ್ರ, ಒಟ್ಟಿಗೆ ಬಾಳಲಾರದಷ್ಟಾ ಅಂತ ನೋಡಬೇಕು ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೋಡದೆ ಸರ್ಟಿಫಿಕೇಟ್ ಕೊಟ್ಟ ಡಾಕ್ಟರ ಮೇಲೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು, ಕೊಡಲೇಬೇಕು.

ಲೀಡ್ಸ್ ಕನ್ನಡಿಗ

ಮುಖ ನೋಡದೆ ಅಭಿಪ್ರಾಯ ಕೊಡುವುದು ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಕಾಗದ ಮಾತ್ರ ನೋಡಿ ಬರೆದರೆ, ನಾನು ಇವರನ್ನು ನೋಡಿಲ್ಲ ಅಂತ ಮೊದಲ ಪುಟದಲ್ಲೇ ಬರೆಯಬೇಕು. ಟಿವಿಯಲ್ಲಿ ಕೂತು ಆರೋಪಿಯ ಫೋಟೊ ನೋಡಿ ಸೈಕೋಪಾತ್ ಅನ್ನುವವರಿಗೂ ಈ ಮಾತು ಸೇರುತ್ತದೆ.

ಹಾಸನದವನು

ಇಲ್ಲಿಯವರೆಗೂ ಸುಮ್ಮನೆ ಓದುತ್ತಿದ್ದೆ. ನನ್ನ ಚಿಕ್ಕಮ್ಮನನ್ನು ಪಕ್ಕದ ಮನೆಯ ಹುಡುಗ ಕೊಂದ. ಅವನಿಗೆ ತಲೆ ಸರಿಯಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತು. ಖುಲಾಸೆ ಅಂತ ತೀರ್ಪು ಬಂದ ದಿನ ಚಿಕ್ಕಪ್ಪ ಕೋರ್ಟಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸಂಜೆವರೆಗೆ ಎಬ್ಬಿಸಲಾಗಲಿಲ್ಲ. ಒಬ್ಬ ಡಾಕ್ಟರ್, ಒಬ್ಬ ವಕೀಲ, ಯಾರೂ ಬಂದು ಏನಾಯಿತು ಅಂತ ಹೇಳಲಿಲ್ಲ. ಅವನು ಮನೆಗೆ ಬರುತ್ತಾನೆ ಅಂತ ಹೆದರಿ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಬದುಕಿದೆವು. ಅವನು ಆಸ್ಪತ್ರೆಯಲ್ಲಿದ್ದಾನೆ ಅಂತ ಆಮೇಲೆ ಯಾರೋ ಹೇಳಿದರು.

ನೀವೆಲ್ಲ ಆರೋಪಿಯ ಗುಟ್ಟು, ಆರೋಪಿಯ ಹಕ್ಕು ಅನ್ನುತ್ತಿದ್ದೀರಿ. ನಮಗೂ ಒಂದು ಮಾತು ಹೇಳಬೇಕಿತ್ತು.

ವಾರ್ಡ್ ಸಿಸ್ಟರ್ (ನಿವೃತ್ತ)

ನಿಮ್ಮ ಚಿಕ್ಕಪ್ಪನ ವಿಷಯ ಓದಿ ಕಣ್ಣು ತುಂಬಿತಪ್ಪ. ನೀವು ಹೇಳಿದ್ದು ನಿಜ. ನಮ್ಮ ಇಡೀ ಏರ್ಪಾಟಿನಲ್ಲಿ ಸತ್ತವರ ಮನೆಯವರ ಜೊತೆ ಕೂತು ಮಾತಾಡುವುದು ಯಾರ ಕೆಲಸವೂ ಅಲ್ಲ.

ಧಾರವಾಡ ವಕೀಲೆ

ಹಾಸನದವರೇ, ನಿಮಗೆ ಅವತ್ತೇ ಹೇಳಬೇಕಿದ್ದದ್ದು ಇದು. ಬುದ್ಧಿ ಸ್ವಾಧೀನದಲ್ಲಿರಲಿಲ್ಲ ಅಂತ ಖುಲಾಸೆ ಆದರೆ ಕೋರ್ಟ್ ಅವನೇ ಆ ಕೃತ್ಯ ಮಾಡಿದ ಅಂತ ತೀರ್ಪಿನಲ್ಲಿ ಬರೆಯುತ್ತದೆ. ಆಮೇಲೆ ಸುರಕ್ಷಿತ ಜಾಗದಲ್ಲಿಡಲು ಆದೇಶ ಮಾಡುತ್ತದೆ. ಇಲ್ಲವೇ ನೋಡಿಕೊಳ್ಳುತ್ತೇವೆ ಅಂತ ಜಾಮೀನು ಕೊಟ್ಟ ಸಂಬಂಧಿಕರಿಗೆ ಒಪ್ಪಿಸುತ್ತದೆ. ಸುಮ್ನೆ ಬೀದಿಗೆ ಬಿಡುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನೂ ಹೇಳುತ್ತೇನೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅನ್ನುವವರನ್ನು 1951ರಲ್ಲಿ ಹಿಡಿದರು. ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. ಹೊರಗೆ ಬಂದಿದ್ದು 2005ರಲ್ಲಿ. 54 ವರ್ಷ, ವಿಚಾರಣೆಯೇ ಇಲ್ಲದೆ. ಆಗ ಬಿಹಾರದಲ್ಲಿದ್ದ ಹಜಾರಿಬಾಗ್ ಜೈಲಿನಲ್ಲೂ ಹೀಗೇ ಇಪ್ಪತ್ತು, ಮೂವತ್ತು ವರ್ಷ ಕೊಳೆತವರಿದ್ದರು. ವೀಣಾ ಸೇಠಿ ಪ್ರಕರಣದಲ್ಲಿ ಬೆಳಕಿಗೆ ಬಂತು.

ರಾಮನಗರ ರಘು

54 ವರ್ಷ? ಯಾವ ಡಾಕ್ಟರೂ ನೋಡಲಿಲ್ವಾ?

ಧಾರವಾಡ ವಕೀಲೆ

ಅವರು ವಿಚಾರಣೆಗೆ ಯೋಗ್ಯರು ಅಂತ ಡಾಕ್ಟರುಗಳು ಎಷ್ಟೋ ವರ್ಷ ಮುಂಚೆಯೇ ಹೇಳಿದ್ದರು. ಮುಂದಿನ ಹೆಜ್ಜೆ ಯಾರೂ ಇಡಲಿಲ್ಲ.

ಪಿಜಿ ಎರಡನೇ ವರ್ಷ

ವರದಿ ಕಳಿಸಿದ ಕೂಡಲೇ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುವುದರಿಂದಲೇ ಹೀಗಾಗುವುದು ಅನಿಸುತ್ತದೆ. ಜೈಲಿನೊಳಗಿನ ಕಾಯಿಲೆ ಸಣ್ಣದಲ್ಲ. ನಿಮ್ಹಾನ್ಸ್‌ನವರು ಪರಪ್ಪನ ಅಗ್ರಹಾರ ಜೈಲಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ನೋಡಿ 2011ರಲ್ಲಿ ವರದಿ ಮಾಡಿದ್ದರು. ಕುಡಿತ, ತಂಬಾಕಿನಂಥ ಚಟಗಳನ್ನು ಬಿಟ್ಟು ನೋಡಿದರೂ ನಾಲ್ವರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಏನಾದರೊಂದು ಮಾನಸಿಕ ತೊಂದರೆ ಇತ್ತು.

ಮೈಸೂರು ಮಂಜು

ಡಾಕ್ಟ್ರೇ, ಜಿಲ್ಲೆಗೆ ನೀವೊಬ್ಬರೇ ಅಂದಿರಿ. ಅಂದಮೇಲೆ ಎರಡು ಡಾಕ್ಟರ್ ಎಲ್ಲಿಂದ ತರುವುದು? ಪುಸ್ತಕದಲ್ಲಿ ಬರೆಯುವವರು ನಮ್ಮ ಜಿಲ್ಲೆಗೆ ಬಂದು ನೋಡಲಿ.

ಪಿಜಿ ಎರಡನೇ ವರ್ಷ

ಒಬ್ಬರು ಇರುವುದೂ ಸುಮ್ನೆ ಆಗಿದ್ದಲ್ಲ. ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿದ ಪ್ರಯೋಗದಿಂದ ಬೆಳೆದು ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅದು. ಆದರೆ ಅದು ಚಿಕಿತ್ಸೆಗಾಗಿ ಮಾಡಿದ್ದು. ಕೋರ್ಟಿನ ಕೆಲಸ ಆಮೇಲೆ ಅದೇ ಒಬ್ಬರ ಮೇಲೆ ಬಿತ್ತು.

ಲೀಡ್ಸ್ ಕನ್ನಡಿಗ

ನಿಜ ಹೇಳಬೇಕೆಂದರೆ ಇಲ್ಲೂ ಚಿಕಿತ್ಸೆ ಕೊಡುವವರೇ ಕೆಲವೊಮ್ಮೆ ವರದಿ ಬರೆಯುತ್ತಾರೆ. ಆದರೆ ಇಲ್ಲಿ ಒಂದು ಅನುಕೂಲ ಇದೆ. ಕೊಲೆ ಕೇಸಿನಲ್ಲಿ ಕಾಯಿಲೆಯಿಂದ ಹೊಣೆ ಕಡಿಮೆಯಾಗಿತ್ತು ಅಂತ ತೋರಿಸಿದರೆ ಅಪರಾಧದ ಹೆಸರೇ ಬದಲಾಗುತ್ತದೆ. 1957ರಿಂದ ಆ ದಾರಿ ಇದೆ. ನಿಮ್ಮಲ್ಲಿ ಆ ಮಧ್ಯದ ಮೆಟ್ಟಿಲು ಇಲ್ಲ. ಪೂರ್ತಿ ಹೊಣೆ, ಇಲ್ಲವೇ ಖುಲಾಸೆ. ಹಾಗಾಗಿ ನಿಮ್ಮ ಒಂದು ಸಾಲಿಗೆ ತೂಕ ಜಾಸ್ತಿ.

ಜಿಲ್ಲೆಯ ಡಾಕ್ಟರ್

ಆಪಲ್‌ಬಾಮ್ ಅವರ ಮಾತಿಗೆ ಬರುತ್ತೇನೆ. ಕೋರ್ಟಿನ ಕೆಲಸಕ್ಕೆ ಕೂತಾಗ ನಾನು ವೈದ್ಯ ಅಲ್ಲ ಅನ್ನುವುದು ನನಗೆ ಒಪ್ಪಿಗೆ ಆಗುವುದಿಲ್ಲ. ಕೋರ್ಟ್ ನನ್ನನ್ನು ಕರೆಯುವುದೇ ನಾನು ವೈದ್ಯ ಅಂತ. ಆ ಹುಡುಗ ನನ್ನ ಎದುರು ಬಾಯಿ ಬಿಟ್ಟಿದ್ದೂ ನಾನು ವೈದ್ಯ ಅಂತ. ಕೊರಳಿನ ಸ್ಟೆತಾಸ್ಕೋಪ್ ತೆಗೆದು ಮೇಜಿನ ಮೇಲಿಟ್ಟರೆ ಅವನ ಕಣ್ಣಿಗೆ ನಾನು ಬೇರೆಯವನಾಗುತ್ತೇನಾ?

ಲೀಡ್ಸ್ ಕನ್ನಡಿಗ

ಆಗುವುದಿಲ್ಲ. ನಾನೂ ಒಪ್ಪುತ್ತೇನೆ. ಅದಕ್ಕೇ ಇಬ್ಬರು ಬೇಕು ಅನ್ನುವುದು. ಒಬ್ಬರೇ ಎರಡು ಮುಖ ಹಾಕಿಕೊಂಡರೆ ರೋಗಿಗೆ ಗೊಂದಲ. ಬೇರೆ ಬೇರೆ ಜನ ಬಂದರೆ ಅವನಿಗೆ ತಿಳಿಯುತ್ತದೆ.

ಪಿಜಿ ಎರಡನೇ ವರ್ಷ

ಆದರೆ ಸರ್, ಪರೀಕ್ಷೆ ಮಾಡುವವರು ಅವನ ಒಳಿತನ್ನೇ ನೋಡುತ್ತಾ ಕೂತರೆ ವರದಿ ಒಂದು ಕಡೆ ವಾಲುತ್ತದಲ್ಲ. ಆಗ ಹಾಸನದ ಸರ್ ಅವರ ಮನೆಯವರಿಗೆ ಏನು ಉತ್ತರ?

ನಿವೃತ್ತ ಎಎಸ್‌ಐ

ಈ ಹುಡುಗ ಸರಿಯಾಗಿ ಹೇಳಿದ.

ಧಾರವಾಡ ವಕೀಲೆ

ಡಾಕ್ಟ್ರೇ, ದಾರಿ ಇದೆ. ಕೋರ್ಟಿಗೆ ಪತ್ರ ಬರೆಯಿರಿ. ನಾನು ಚಿಕಿತ್ಸೆ ಕೊಡುತ್ತಿರುವ ವೈದ್ಯ, ಹಾಗಾಗಿ ಕೃತ್ಯದ ಹೊತ್ತಿನ ಸ್ಥಿತಿಯ ಬಗ್ಗೆ ಸ್ವತಂತ್ರ ಅಭಿಪ್ರಾಯ ಕೊಡುವುದು ಸರಿಯಲ್ಲ. ನಿಮ್ಹಾನ್ಸ್ ಅಥವಾ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸಿ ಅಂತ ಕೇಳಿಕೊಳ್ಳಿ. ಯಾವ ಕಾಯಿಲೆ, ಯಾವತ್ತಿನಿಂದ, ಯಾವ ಔಷಧಿ, ಈಗ ಹೇಗಿದ್ದಾನೆ, ಇಷ್ಟು ಮಾತ್ರ ಬರೆಯಿರಿ. ಇಡೀ ಕೇಸ್ ಶೀಟ್ ಕೊಡಿ ಅಂತ ಆದೇಶ ಬಂದರೆ ಕೊಡಲೇಬೇಕು, ಬಚ್ಚಿಡಬೇಡಿ, ತಿದ್ದಲೇಬೇಡಿ. ಕೇಳದಿದ್ದನ್ನು ಮುಂದಾಗಿ ಕೊಡಬೇಕಿಲ್ಲ. ಅವನಿಗೆ ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೇಳಿ, ಉಚಿತವಾಗಿ ಕೊಡುತ್ತಾರೆ.

ರಾಮನಗರ ರಘು

ಹೀಗಾದರೆ ನಾನೂ ಒಪ್ಪುತ್ತೇನೆ. ಸತ್ಯ ಹೊರಗೆ ಬರಲಿ, ಆದರೆ ಸರಿಯಾಗಿ ಕೇಳಿ ಬರಲಿ. ಸಿಸ್ಟರ್ ಕೊಡಲಿ ವಿಷಯ ಹೇಳಿದಮೇಲೆ ರಾತ್ರಿ ಅದೇ ಯೋಚನೆ ಆಯಿತು.

ಜಿಲ್ಲೆಯ ಡಾಕ್ಟರ್

ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ವಕೀಲೆ ಮೇಡಂ ಹೇಳಿದ ಹಾಗೇ ಪತ್ರ ಬರೆದೆ. ಕೋರ್ಟಿನಿಂದ ಕರೆ ಬಂತು, ಹೋದೆ. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರವರೆಗೆ ಬೆಂಚಿನ ಮೇಲೆ ಕೂತೆ, ಹೊರರೋಗಿಗಳು ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ನ್ಯಾಯಾಧೀಶರು ಎರಡು ಪ್ರಶ್ನೆ ಕೇಳಿದರು. ಉತ್ತರ ಕೇಳಿ, ಅವನನ್ನು ಒಳರೋಗಿಯಾಗಿಟ್ಟು ನೋಡಲು ಬೇರೆ ಆಸ್ಪತ್ರೆಗೆ ಕಳಿಸಲು ಆದೇಶ ಮಾಡಿದರು. ವಕೀಲರೂ ಸಿಕ್ಕಿದ್ದಾರೆ.

ನಿನ್ನೆ ಇಂಜೆಕ್ಷನ್‌ಗೆ ಅವನನ್ನು ಕರೆತಂದಿದ್ದರು. ಪೊಲೀಸಿನವರು ಬಾಗಿಲಾಚೆ, ಕಾಣುವಷ್ಟು ದೂರದಲ್ಲಿ ಕೂತಿದ್ದರು. ನಾನು ಕೋರ್ಟಿಗೆ ಬರೆದ ಪತ್ರವನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅಲ್ಲಿ ಬೇರೆ ಡಾಕ್ಟರ್ ನೋಡುತ್ತಾರೆ, ಅವರಿಗೆ ಹೇಳಿದ್ದೆಲ್ಲ ಕೋರ್ಟಿಗೆ ಹೋಗುತ್ತದೆ, ಏನು ಹೇಳಬೇಕು ಬೇಡ ಅಂತ ಮೊದಲು ನಿನ್ನ ವಕೀಲರನ್ನು ಕೇಳು ಅಂದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ ತೋಳಿನ ಮೇಲಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು, "ಸಾರ್, ಅವತ್ತು ಮಚ್ಚು ಯಾಕೆ ಬಣವೆಯಲ್ಲಿಟ್ಟೆ ಅಂದರೆ" ಅಂತ ಶುರು ಮಾಡಿದ.

ಕೇಳಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಅಂತ ಹೇಳಲಾರೆ. ಅವನ ಕೈ ಮೇಲೆ ಕೈಯಿಟ್ಟು, ಅದನ್ನು ನನಗೆ ಹೇಳಬೇಡ ಕಣೋ ಅಂದೆ. ಬಾಯಿ ಬಿಡು ಅಂತ ಮೂರು ಸಲ ಕಾದವನು ನಾನೇ. ಅವನು ನನ್ನ ಮುಖವನ್ನೇ ನೋಡುತ್ತಾ ಕೂತ. ಸ್ವಲ್ಪ ಹೊತ್ತಾದಮೇಲೆ, "ಮತ್ತೆ ನಿಮ್ಮ ಹತ್ತಿರ ಏನು ಹೇಳಲಿ ಸಾರ್?" ಅಂದ. ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿದೆ.